ದುಂಬಿ ಸಾಕುತ್ತಿದ್ದ ಅಕ್ಕ

ಮೊನ್ನೆ ಧರ್ಮಪುರಿಯ ಬಸ್ಸಿನಲ್ಲಿ ಪಕ್ಕದಾಕೆಯ ಬದನೆಕಾಯಿ ಚೀಲದಿಂದ ಮದ್ದು ಹೊಡೆದ ಎಲೆಯ ವಾಸನೆ ಬಂತು. ಮೂಗು ಮುಚ್ಚಿಕೊಂಡು ಕಿಟಕಿಗೆ ಮುಖ ಒಡ್ಡಿದೆ. ಬಸ್ಸು ಒಗ್ಗದವಳೇನೋ ಎಂದು ಆಕೆ ನಿಂಬೆಹಣ್ಣು ಕೊಟ್ಟರು. ಅದು ಬಸ್ಸಿನ ಕಾಟವಾಗಿರಲಿಲ್ಲ...

ಅದೇ ಊರಿನ ಕಾಲೇಜೊಂದರಲ್ಲಿ ನಾನು ಸಂಶೋಧನೆ ಮಾಡುವಾಗ, ಮಾರಂಡಹಳ್ಳಿಯ ಅಕ್ಕ ಒಬ್ಬರು ಲ್ಯಾಬಿನಲ್ಲಿ ದಿನಗೂಲಿಗಿದ್ದರು. ಬದನೆ ತೋಟಗಳಲ್ಲಿ ಹಿಡಿದ ಚುಕ್ಕಿ ದುಂಬಿಗಳನ್ನು ಜೋಡಿ ಮಾಡಿ, ಬೆನ್ನಿನ ಚುಕ್ಕಿಗಳು ಮರಿಗಳಿಗೆ ಹೇಗೆ ಇಳಿಯುತ್ತವೆಂದು ನೋಡುವುದು ನನ್ನ ಕೆಲಸ. ಹೆಸರು ನನ್ನದು, ಸಾಕುವವರು ಅವರು. ಹುಳುಗಳಿಗೆಂದೇ ಲ್ಯಾಬಿನ ಹಿಂದೆ ಮದ್ದು ಕಾಣದ ಬದನೆ ಬೆಳೆಸಿದ್ದರು. ಮೂಸಿ ನೋಡದೆ ಒಂದು ಎಲೆಯನ್ನೂ ಬಾಟಲಿಗೆ ಹಾಕುತ್ತಿರಲಿಲ್ಲ.

ನಾನು ಸೇಲಂನ ನೇಕಾರರ ಮಗಳು, ಮನೆಮಾತು ಕನ್ನಡ. ಅಲ್ಲಿ ಅದು ಗೊತ್ತಿದ್ದದ್ದು ಅಕ್ಕ ಒಬ್ಬರಿಗೇ. ಲ್ಯಾಬಿನ ತಮಿಳು ಗೆಳತಿಯರು ಆಡಿಕೊಂಡಾರೆಂದು ಮುಚ್ಚಿಟ್ಟಿದ್ದೆ. ನಾವಿಬ್ಬರೇ ಇದ್ದಾಗ ಅಕ್ಕ ಕನ್ನಡದಲ್ಲಿ ನಮ್ಮ ಮಗ್ಗದ ಸಮಾಚಾರ ಕೇಳುತ್ತಿದ್ದರು.

ಒಂದು ದಿನ ಎಲೆ ಸಾಲದೆ, ದಾರಿಯ ತೋಟವೊಂದರಿಂದ ಕಿತ್ತು ತಂದೆ. ಅಕ್ಕ ಮೂಸಿದರು. ಗೆಳತಿಯರ ಮುಂದೆ ನನ್ನ ಮಾನ ಹೋಗಬಾರದೆಂದು ಮೆಲ್ಲಗೆ ಕನ್ನಡದಲ್ಲೇ ಹೇಳಿದರು.

“ಮದ್ದಿನ್ ವಾಸ್ನೆ ಐತೆ ಕಣಮ್ಮ, ಆಕ್ಬೇಡ.”

ಗೆಳತಿಯೊಬ್ಬಳು ತಿರುಗಿ ನೋಡಿದಳು. ನಾನು ತಮಿಳಿನಲ್ಲಿ “ಪುರಿಯಲೆ” ಎಂದೆ, ಅರ್ಥವಾಗಲಿಲ್ಲ ಎಂದು. ಅಂದ ಮೇಲೆ ಹಾಗೇ ನಡೆದುಕೊಳ್ಳಬೇಕಲ್ಲ... ಎಲ್ಲ ಬಾಟಲಿಗೂ ಆ ಎಲೆಯನ್ನೇ ಹಾಕಿದೆ.

ಮರುದಿನ ಮೂರನೇ ತಲೆಮಾರಿನ ಮರಿಗಳೆಲ್ಲ ಸತ್ತಿದ್ದವು. ನೋಡಿಕೊಳ್ಳಲಾಗಲಿಲ್ಲವೇ ಎಂದು ಪ್ರೊಫೆಸರು ಅಕ್ಕನನ್ನು ಗದರಿದರು. ಬೇಡವೆಂದು ಹೇಳಿದ್ದೆ ಎಂದರು ಅಕ್ಕ. ಪ್ರೊಫೆಸರು ನನ್ನ ಕಡೆ ತಿರುಗಿದರು. ಅವರು ಕನ್ನಡದಲ್ಲಿ ಏನೋ ಅಂದರು ಸಾರ್, ನನಗೆ ಆ ಭಾಷೆ ಬರುವುದಿಲ್ಲ ಎಂದುಬಿಟ್ಟೆ. ನಾಲಿಗೆ ತೊದಲಲೂ ಇಲ್ಲ.

ಅಕ್ಕ ನನ್ನ ಗುಟ್ಟು ಬಿಟ್ಟುಕೊಡಲಿಲ್ಲ. “ತಪ್ಪು ಎನ್ ಮೇಲೆದಾ ಸಾರ್” ಎಂದು ತಮಿಳಿನಲ್ಲಿ ಹೇಳಿ, ತಪ್ಪನ್ನು ತಮ್ಮ ತಲೆಗೇ ಕಟ್ಟಿಕೊಂಡರು. ಅವತ್ತಿಗೆ ಅವರ ಕೆಲಸ ಹೋಯಿತು. ನಾನು ಹೊಸ ದುಂಬಿ ಹಿಡಿದು ತಂದು ಡಾಕ್ಟರೇಟ್ ಮುಗಿಸಿದೆ. ನಾಚಿಕೆಗೇಡು, ಅದಕ್ಕೆ ಬೇರೆ ಮಾತಿಲ್ಲ.

ಮೊನ್ನೆ ಬಸ್ಸಿಳಿದವಳೇ ಮಾರಂಡಹಳ್ಳಿಗೆ ಹೋದೆ, ಈಗಲಾದರೂ ತಪ್ಪೊಪ್ಪಿಕೊಳ್ಳೋಣವೆಂದು. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಆ ಲ್ಯಾಬಿನವಳು ಎಂದು ತಿಳಿದು ಸೊಸೆ ಒಳಗೆ ಕೂರಿಸಿ ಕಾಫಿ ಕೊಟ್ಟರು.

“ನಮ್ ಮಾತಾಡೋ ಉಡ್ಗಿ ಒಬ್ಳವ್ಳೆ ಅಲ್ಲಿ ಅಂತ ಅತ್ತೆ ಯಾವಾಗ್ಲೂ ಏಳೋರು, ಅದು ನೀವೇಯಾ? ಆ ಕೆಲ್ಸ ಯಾಕ್ ಬುಟ್ರೋ, ಅದೊಂದ್ ಮಾತ್ರ ಏಳ್ನೇ ಇಲ್ಲ. ನಿಮಗೇನಾರ ಗೊತ್ತಾ?”

ಗೊತ್ತಿಲ್ಲ ಎಂದೆ. ಕನ್ನಡದಲ್ಲೇ ಎಂದೆ.