ಪ್ರಿಂಟರಿನ ಎಂಟನೇ ಲಿವರು

ಅಥವಾ ಎಂಟಲ್ಲ, ಹತ್ತು ಇದ್ದವೋ ಏನೋ. ಎಂಟು ಎಂದೇ ಬರೆಯುತ್ತೇನೆ, ಏಕೆಂದರೆ ಕಣ್ಣು ಮುಚ್ಚಿದರೆ ಎಂಟು ಕಾಣುತ್ತವೆ. ಆದರೆ ಕಣ್ಣು ಮುಚ್ಚಿ ನೋಡುವ ಈ ವಿದ್ಯೆಯ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ಮೊನ್ನೆ ಹೀಗೆಯೇ ನೋಡಿದಾಗ ನಮ್ಮ ಆಫೀಸಿನ ಗೋಡೆ ಹಸಿರಾಗಿತ್ತು. ಆಮೇಲೆ ಹಳೆಯ ಫೋಟೋ ಸಿಕ್ಕಿತು. ನೋಡಿದರೆ ಅದರಲ್ಲಿ ಗೋಡೆಯೇ ಇಲ್ಲ, ನಮ್ಮ ಹಿಂದೆ ಇದ್ದದ್ದು ತಗಡಿನ ಷೀಟು.

ಷೀಟಿನ ಮೇಲೆ ಬಿಸಿಲು ಬಡಿಯುತ್ತಿದ್ದ ಆ ಆಫೀಸು ಮಧುಗಿರಿಯ ಒಂದು ಖಾಸಗಿ ಬಸ್ ಕಂಪನಿಯದು. ಎಂಬತ್ತರ ದಶಕ ಮುಗಿಯುತ್ತಿತ್ತು. ನಾನು ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಮುಖ್ಯ ಕೆಲಸ, ವಾರಕ್ಕೊಮ್ಮೆ ನೈಟ್ ಹಾಲ್ಟ್ ಪಟ್ಟಿ ಅಚ್ಚು ಹಾಕುವುದು: ರಾತ್ರಿ ಕೊರಟಗೆರೆಯಲ್ಲಿ ತಂಗುವ ಬಸ್ಸಿಗೆ ಯಾವ ಡ್ರೈವರು, ಸಿರಾಕ್ಕೆ ಯಾರು, ಪಾವಗಡಕ್ಕೆ ಯಾರು. ಪ್ರಿಂಟರಿಗೆ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಊರಿನ ಪ್ರೆಸ್ಸಿನಲ್ಲೇ ಊರುಗಳ ಹೆಸರು ಅಚ್ಚು ಹಾಕಿಸಿದ ಉದ್ದನೆಯ ಕಾಗದ ತರಿಸುತ್ತಿದ್ದೆವು. ದಿನಕ್ಕೊಂದು ಹಾಳೆ, ಒಟ್ಟು ಏಳು. ಒಂದು ಊರಿಗೂ ಇನ್ನೊಂದಕ್ಕೂ ಒಂದು ಇಂಚು ಅಂತರ. ಹೆಸರಿನ ಮುಂದಿನ ಖಾಲಿ ಚೌಕದಲ್ಲಿ ಯಂತ್ರ ಟರ್ರೆಂದು ಡ್ರೈವರನ ನಂಬರು ಹೊಡೆಯುತ್ತಿತ್ತು. ನಮ್ಮಲ್ಲಿ ಡ್ರೈವರುಗಳಿಗೆ ನಂಬರೇ ಹೆಸರು.

ಹಳೆಯ ಪ್ರಿಂಟರಿನ ಬೆನ್ನಿಗೆ ಒಂದು ಸಣ್ಣ ಮುಚ್ಚಳ. ಅದರೊಳಗೆ ಅಕ್ಕಿಕಾಳಿನಷ್ಟು ದೊಡ್ಡ ಲಿವರುಗಳು ಸಾಲಾಗಿ ಕೂತಿದ್ದವು. ಒಂದು ಲಿವರು ಮೇಲಿದ್ದರೆ ಸೊನ್ನೆಯ ಮೇಲೆ ಅಡ್ಡಗೆರೆ ಬರುತ್ತಿತ್ತು. ಮೊದಲ ವಾರ ಹಾಗೆ ಬಂದು, ಹತ್ತನೇ ನಂಬರಿನವನು "ನನ್ನ ಯಾಕೆ ಹೊಡ್ದಾಕ್ಬುಟ್ರಿ, ಏನ್ ತಪ್ ಮಾಡಿವ್ನಿ?" ಎಂದು ಜಗಳಕ್ಕೇ ಬಂದಿದ್ದ. ಅದನ್ನು ಕೆಳಗೆ ಎಳೆದ ಮೇಲೆಯೇ ಅವನು ಸಮಾಧಾನವಾದದ್ದು. ಉಳಿದ ಲಿವರುಗಳು ಏನು ಮಾಡುತ್ತವೆಂದು ನಾನು ತಿಳಿಯಲು ಹೋಗಿರಲಿಲ್ಲ.

ಆಯುಧಪೂಜೆಯಾದ ಕೆಲವೇ ದಿನಕ್ಕೆ ಆ ಯಂತ್ರ ಕೆಟ್ಟಿತು. ತುಮಕೂರಿನಿಂದ ಇಂಜಿನಿಯರೊಬ್ಬರು ಅದೇ ಜಾತಿಯ ಹೊಸದನ್ನು ತಂದಿಟ್ಟು, "ಹಿಂದಿನ ಲಿವರುಗಳು ಹಳೇದರಲ್ಲಿ ಹೇಗಿವೆಯೋ ಇದರಲ್ಲೂ ಹಾಗೇ ಇಟ್ಕೊಳ್ಳಿ, ಇನ್ನೇನೂ ಇಲ್ಲ" ಎಂದು ಬಸ್ಸು ಹಿಡಿದರು. ಯಂತ್ರದ ಜೊತೆ ಬಂದಿದ್ದ ವಿವರಣೆಯ ಪುಸ್ತಕ ಅವರ ಚೀಲದಲ್ಲೇ ಹೋಯಿತು.

ಆದರೆ ಹಳೆಯದರ ಮುಚ್ಚಳ ತೆಗೆದರೆ ಎಂಟೂ ಲಿವರುಗಳು ಮೇಲಕ್ಕೆ ನಿಂತಿವೆ, ಕವಾಯತಿನ ಹಾಗೆ.

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಸಿರಾದವರು. ಪೂಜೆಯ ದಿನ ಸ್ಪ್ಯಾನರಿನಿಂದ ಹಿಡಿದು ಗೇರ್ ಬಾಕ್ಸಿನವರೆಗೆ ಎಲ್ಲಕ್ಕೂ ಕುಂಕುಮ ಕಲಸಿ ಹಚ್ಚುವುದು ಅವರದೇ ಪಾಲು. ಪ್ರಿಂಟರಿನ ಮುಚ್ಚಳ ತೆಗೆದು ಆ ಲಿವರುಗಳಿಗೂ ಹಚ್ಚಿದ್ದರು. ಈಗ ಹಳೆಯದು ಹೋಗುತ್ತದೆಂದು ತಿಳಿದು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿಯೂ ಇಟ್ಟಿದ್ದರು.

"ಸಾಫ್ ಮಾಡ್ಕೊಟ್ಟಿವ್ನಿ ಕಣಮ್ಮ. ಮನೆ ಬುಟ್ಟು ಹೋಗೋದ್ನ ಗಲೀಜಾಗಿ ಕಳ್ಸಕ್ಕಾಯ್ತದಾ?"

"ಈ ಲಿವರುಗಳು ಮೊದಲು ಹೆಂಗಿದ್ವು?"

"ವಕ್ರವಕ್ರವಾಗಿದ್ವು. ಒಂದು ಮ್ಯಾಲೆ, ಒಂದು ಕೆಳ್ಗೆ. ಎಲ್ಲಾ ಲೈನಾಗಿ ನಿಲ್ಸಿವ್ನಿ, ನೋಡು."

ಅವರ ಮುಖದಲ್ಲಿದ್ದ ತೃಪ್ತಿ ನೋಡಿ ಬೈಯಲಾಗಲಿಲ್ಲ. ಬೈದೆ ಎಂದು ನಂತರ ಗೆಳತಿಯರಿಗೆ ಹೇಳಿದ್ದೆ, ಅದು ಸುಳ್ಳು.

ಅಂದು ಭಾನುವಾರ. ಸಂಜೆ ಐದು ಗಂಟೆಯ ಬಸ್ಸಿಗೆ ಕಂಪನಿಯ ಯಜಮಾನರು ತುಮಕೂರಿಗೆ ಹೊರಡುವವರು. ಅಷ್ಟರಲ್ಲಿ ಏಳೂ ಹಾಳೆಗೆ ಅವರ ಸಹಿ ಬೀಳಬೇಕು, ಇಲ್ಲವಾದರೆ ಹಳೆಯ ವಾರದ ಪಟ್ಟಿಯೇ ಮುಂದುವರಿಯುತ್ತದೆ. ಇದು ಬೇರೆ ಯಾರಿಗೂ ದೊಡ್ಡ ವಿಷಯವಲ್ಲ, ಹದಿನೇಳನೇ ನಂಬರಿನ ಡ್ರೈವರನಿಗೆ ಮಾತ್ರ ಪ್ರಾಣ ಹೋಗುವಂಥದ್ದು. ಹದಿನೇಳು ಬಲಸಮುದ್ರದ ಕಡೆಯವನು, ಮನೆಮಾತು ತೆಲುಗು. ಅವನ ಹೆಂಡತಿ ಕೊರಟಗೆರೆಯ ತವರಿನಲ್ಲಿ ದಿನ ತುಂಬಿ ಕೂತಿದ್ದಳು. ಇವನಿಗೆ ಹಳೆಯ ಪಟ್ಟಿಯಲ್ಲಿ ಪಾವಗಡ. ಗೋಗರೆದು, ಮುಂದಿನ ವಾರವಿಡೀ ಕೊರಟಗೆರೆ ಕೊಡುವುದಾಗಿ ಯಜಮಾನರಿಂದ ಮಾತು ತಗೊಂಡಿದ್ದ. ಮಧ್ಯಾಹ್ನದಿಂದಲೇ ನನ್ನ ಮೇಜಿನ ಪಕ್ಕ ನಿಂತಿದ್ದ.

"ಏಮಮ್ಮಾ, ಆಯ್ತಾ?"

"ಆಗಿಲ್ಲ. ಉಸಿರು ಬಿಡಬೇಡ ಇಲ್ಲಿ, ಕುಂಕುಮ ಹಾರುತ್ತೆ."

ಏಕೆಂದರೆ ನಾನು ಆಗ ಟಾರ್ಚ್ ಹಿಡಿದು ಲಿವರುಗಳ ಸೀಳಿನೊಳಗೆ ಇಣುಕುತ್ತಿದ್ದೆ. ಬಟ್ಟೆ ಮೇಲ್ಮೈಯನ್ನಷ್ಟೇ ಒರೆಸಿತ್ತು, ಸೀಳಿನ ಕೆಳತುದಿಗೆ ಹೋಗಿರಲಿಲ್ಲ. ಅಲ್ಲಿ ಕೆಂಪು ಉಳಿದಿದ್ದರೆ, ಪೂಜೆಯ ದಿನ ಆ ಜಾಗ ಖಾಲಿಯಿತ್ತು, ಲಿವರು ಮೇಲಿತ್ತು ಎಂದರ್ಥ. ಶುಭ್ರವಾಗಿದ್ದರೆ ಅಲ್ಲೇ ಕೂತಿತ್ತು. ಹೀಗೆ ಏಳನ್ನು ಓದಿ ಹೊಸದರಲ್ಲಿ ಪಿನ್ನಿನಿಂದ ಹಾಗೆಯೇ ಇಟ್ಟೆ. ಎಂಟನೆಯದರಲ್ಲಿ ಕೆಂಪು ಅರ್ಧ ಇತ್ತು, ಅರ್ಧ ಇರಲಿಲ್ಲ. ಮೇಲೆ ಎಂದು ನಿರ್ಧರಿಸಿದೆ. ಕಾರಣವೇನೂ ಇರಲಿಲ್ಲ.

ಹಾಳೆಗಳು ಬಂದವು. ಸೋಮವಾರದ್ದು ಸರಿಯಾಗಿತ್ತು. ಹದಿನೇಳು ಉಳಿದವನ್ನು ಕಿತ್ತುಕೊಂಡು ಓದತೊಡಗಿದ. ಮೊದಲು ಕಣ್ಣು ಕಿರಿದಾಯಿತು, ಆಮೇಲೆ ಬಾಯಿ ಅಗಲವಾಯಿತು.

"ಸೋಮವಾರ ಕೊರಟಗೆರೆ. ಮಂಗಳವಾರ ಸಿರಾ. ಬುಧವಾರ ಪಾವಗಡ. ಅಯ್ಯೋ ದೇವುಡಾ, ದಿನಾ ದಿನಾ ಹೆಂಡ್ತಿಯಿಂದ ದೂರ ಹೋಯ್ತಾ ಇವ್ನಲ್ಲಮ್ಮಾ! ಗುರುವಾರ ನೋಡಿಲ್ಲಿ, ಯಜಮಾನ್ರು ಸಹಿ ಹಾಕೋ ಜಾಗ್ದಾಗಿವ್ನಿ. ಕಂಪ್ನಿನೇ ನಂಗೆ ಬರ್ಕೊಟ್ಬುಟ್ರಾ?"

ಮೆಕ್ಯಾನಿಕ್ ಬಗ್ಗಿ ನೋಡಿದರು. "ಆಗ್ಲಿ ಬುಡು ಲೇ, ಗುರುವಾರ್ದಿಂದ ನಮ್ಗೂ ಸಂಬ್ಳ ಜಾಸ್ತಿ ಮಾಡು."

ನಗು ಬಂದರೂ ಆಗ ನನಗೆ ಹೊಳೆಯಿತು. ಎಂಟನೇ ಲಿವರು ಯಂತ್ರಕ್ಕೆ ಹಾಳೆಯ ಉದ್ದ ಹೇಳುವಂಥದ್ದು. ಹಾಳೆ ಹನ್ನೊಂದು ಇಂಚು, ಯಂತ್ರ ಹನ್ನೆರಡು ಎಂದುಕೊಂಡಿದೆ. ಪ್ರತಿ ಹಾಳೆಗೂ ನಂಬರುಗಳು ಒಂದು ಇಂಚು, ಅಂದರೆ ಒಂದು ಊರು, ಕೆಳಗಿಳಿಯುತ್ತಿವೆ. ಲಿವರನ್ನು ಕೆಳಗೆ ಎಳೆದು ಕಾಗದವನ್ನು ಸರಿಯಾಗಿ ಕೂರಿಸಿ ಮತ್ತೆ ಹೊಡೆದೆ. ಅದೇ ಕಥೆ: ಕೊರಟಗೆರೆ, ಸಿರಾ, ಪಾವಗಡ. ಹೊರಗೆ ಯಜಮಾನರು ಕೊಡೆ ಹುಡುಕುವ ಸದ್ದು. ಹದಿನೇಳರ ನಗು ನಿಂತಿತ್ತು.

"ಗಾಡಿ ಆನ್‌ನಾಗಿರೋವಾಗ್ಲೇ ರಿಪೇರಿ ಮಾಡಿದ್ರೆ ಅದುಕ್ಕೆಂಗಮ್ಮ ಗೊತ್ತಾಗ್ಬೇಕು? ಆಫ್ ಮಾಡಿ ಸ್ಟಾರ್ಟ್ ಮಾಡು" ಎಂದ ಹದಿನೇಳು.

ಆಫ್ ಮಾಡಿ ಸ್ಟಾರ್ಟ್ ಮಾಡಿದೆ. ಏಳೂ ಹಾಳೆಯಲ್ಲಿ ಹದಿನೇಳು ಕೊರಟಗೆರೆಯ ಮುಂದೆಯೇ ಕೂತಿತು. ಆ ಯಂತ್ರ ಲಿವರುಗಳನ್ನು ನೋಡುವುದು ಎದ್ದ ಕೂಡಲೇ, ಒಂದು ಸಲ ಮಾತ್ರ. ಇದನ್ನು ನಾನೇ ಕಂಡುಹಿಡಿದೆ ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಬರೆಯಲು ಕೂತಾಗ ಅವನ ದನಿಯೇ ಕೇಳಿಸಿತು, ಹಾಗಾಗಿ ಆ ಮಾತನ್ನು ಅವನಿಗೇ ವಾಪಸ್ಸು ಕೊಟ್ಟಿದ್ದೇನೆ.

ಯಜಮಾನರು ನಿಂತಲ್ಲೇ ಏಳು ಸಹಿ ಹಾಕಿದರು. ಹದಿನೇಳು ಪಟ್ಟಿಯನ್ನು ತಾನೇ ಬೋರ್ಡಿಗೆ ಅಂಟಿಸಿದ, ಅಂಟು ಜಾಸ್ತಿಯೇ ಹಾಕಿ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ, ನನಗೂ ಗೊತ್ತು. ಅವನಿಗೆ ಹೆಣ್ಣು ಮಗುವಾಯಿತು. ಮೈಸೂರುಪಾಕು ಹಂಚಿದ, ಗಟ್ಟಿಯಾಗಿತ್ತು. ಆದರೆ ಹಂಚಿದ್ದು ಆ ವಾರವೋ, ಅದರ ಮುಂದಿನ ವಾರವೋ? ಮುಂದಿನ ವಾರದ ಪಟ್ಟಿಯಲ್ಲಿ ಅವನಿಗೆ ಸಿರಾ ಬಿದ್ದಿತ್ತು. ಆ ಪಟ್ಟಿ ಹೊಡೆದವಳೂ ನಾನೇ. ಮೈಸೂರುಪಾಕು ಕೈಯಲ್ಲಿ ಹಿಡಿದವಳು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಮಗು ಹುಟ್ಟಿದಾಗ ಅವನು ಕೊರಟಗೆರೆಯಲ್ಲಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ.