ಮೇಲಿನ ಮನೆ ಅಕ್ಕನ ಬಲಗೈ

ಹಿಂದಿ ಸೀಮೆಯ ಕಿದ್ವಾಯಿ ನಗರದಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಕನ್ನಡದ ಅಕ್ಕ ಬೆಳಿಗ್ಗೆ ಜಿಮ್ಮಿನಲ್ಲಿ ಭಾರ ಎತ್ತಿ, ಆಮೇಲೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಆಫೀಸಿಗೆ ಹೋಗುತ್ತಿದ್ದರು. ಏನನ್ನೇ ಎತ್ತುವಾಗಲೂ ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. "ಕಣ್ಣು ಬರೀ ಹೆದರಿಸುತ್ತೆ ಕಣೇ. ಕೈಯನ್ನ ಕೇಳು, ಅದು ನಿಜ ಹೇಳುತ್ತೆ" ಎನ್ನುವರು.

ಅಂಥ ಕೈಗೇ ಒಂದು ವರ್ಷ ಜೋಮು ಹಿಡಿದು, ಮಣಿಕಟ್ಟಿಗೆ ಆಪರೇಷನ್ ಆಯಿತು. ಗಾಯವೇನೋ ಮಾಯಿತು. ಆದರೆ ಹಿಡಿದ ಲೋಟ ತುಂಬಿದೆಯೋ ಖಾಲಿಯೋ ಬೆರಳಿಗೆ ತಿಳಿಯುತ್ತಿಲ್ಲವೆಂದು ಅಕ್ಕ ಒಳಗೊಳಗೇ ಅಂಜುತ್ತಿದ್ದರು.

ಡಾಕ್ಟರು ಒಪ್ಪಿದ ಮೇಲೆ ಇಬ್ಬರೂ ಜಿಮ್ಮಿಗೆ ಹೋದೆವು. ಅಕ್ಕ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ಬಲಗೈ ಚಾಚಿದರು.

"ಐದು ಕಿಲೋದ್ದು ಕೊಡೇ."

ಆಪರೇಷನ್ ಆದ ಕೈಗೆ ಅಷ್ಟು ಭಾರ ಕೊಡಲು ನನಗೆ ಮನಸ್ಸು ಬರಲಿಲ್ಲ. ಸದ್ದಿಲ್ಲದೆ ನಾಲ್ಕು ಕಿಲೋದ ಡಂಬೆಲ್ ಇಟ್ಟೆ.

ಒಂದು ಸಲ ಎತ್ತಿದರು. ಎರಡನೆಯ ಸಲ ಅರ್ಧಕ್ಕೇ ನಿಂತರು. ನೋವಾಯಿತೇನೋ ಎಂದು ಡಂಬೆಲ್ ಹಿಡಿಯಲು ಕೈ ಚಾಚಿದೆ.

"ಏ ಕಳ್ಳೀ, ಇದು ಐದಲ್ಲ!"

"ಐದೇ ಅಕ್ಕಾ."

"ನನ್ನ ಹತ್ರಾನೇ ನಾಟಕಾನಾ? ಒಂದು ಕಿಲೋ ಎಲ್ಲಿ ನುಂಗಿದೆ?"

ಗದರುತ್ತಿರುವಾಗಲೇ ತಾವು ಹೇಳಿದ್ದೇನೆಂದು ಅವರಿಗೇ ಹೊಳೆಯಿತು. ಕಣ್ಣು ತೆರೆದರು, ಮುಖವೆಲ್ಲ ಅರಳಿತು. ಆಚೆ ನಿಂತಿದ್ದ ತರಬೇತುದಾರನನ್ನು ಕೂಗಿದರು: "ಭಯ್ಯಾ, ಇವಳು ನಂಗೆ ಮೋಸ ಮಾಡಿದ್ಲು! ನನ್ನ ಕೈಗೆ ಗೊತ್ತಾಗೋಯ್ತು!"

ಸಂತೋಷದಲ್ಲಿ ಹಿಂದಿ ಮರೆತು ಕನ್ನಡದಲ್ಲೇ ಕೂಗಿದ್ದರು. ಒಂದಕ್ಷರವೂ ತಿಳಿಯದ ಆ ಪುಣ್ಯಾತ್ಮ "ಅಚ್ಛಾ! ಅಚ್ಛಾ!" ಎನ್ನುತ್ತ ನಮಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.