ಮೈಕಲ್ಲಿ ಅಂದ ಮಾತು

ನೀವೇ ಆರಿಸಿ ಕಳಿಸಿದ ಮೆಂಬರ್ ನಿಮಗೇ ಅಂದು ಆಡಿದ್ದುಂಟಾ? ಅವರ ಮೇಲೆ ದೂರು ಕೊಟ್ಟಿದ್ದೀರಾ? ಆ ದೂರು ವಿಚಾರಿಸುವ ಸಭೆಯಲ್ಲಿ ಅದೇ ಮೆಂಬರ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರಾ? ಹಾಗಾದರೆ ನೀವು ನಮ್ಮ ಕಡೆಯವರು.

ನಮ್ಮೂರು ಸವಳಂಗಕ್ಕೆ ಹತ್ತಿರ. ಶಾಲೆಯ ಅಂಗಳದಲ್ಲಿ ಗ್ರಾಮಸಭೆ ನಡೆದಿತ್ತು. ನಮ್ಮಕ್ಕ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದಳು. ನಮ್ಮ ಓಣಿಯ ನಲ್ಲಿಗೆ ನೀರು ಯಾವಾಗ ಬರುತ್ತದೆ? ವೇದಿಕೆ ಮೇಲಿದ್ದ ನಮ್ಮ ವಾರ್ಡಿನ ಮೆಂಬರ್ ಮೈಕ್ ಎಳೆದುಕೊಂಡರು.

"ಗಂಡ ಹೋದ್ಮೇಲೆ ಮನೇಲಿ ಮಾತಾಡಾಕೆ ಯಾರೂ ಇಲ್ಲ, ಪಾಪ. ಅದಕ್ಕೇ ಇಲ್ಲಿಗೆ ಬಂದು ಮಾತಾಡ್ತೈತೆ ಈಯಮ್ಮ."

ಜನ ನಕ್ಕರು. ಭಾವ ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ಅಕ್ಕ ಕೂತುಬಿಟ್ಟಳು. ಅವತ್ತಿನಿಂದ ಹೆಂಗಸರ ಉಳಿತಾಯ ಸಂಘದ ವಾರದ ಸಭೆಗೂ ಹೋಗಲಿಲ್ಲ. ಎಲ್ಲಿ ಬಾಯಿ ತೆರೆದರೂ ಜನಕ್ಕೆ ಆ ಮಾತೇ ನೆನಪಾಗುತ್ತದೆ ಅಂತ ಅವಳಿಗೆ ಅನ್ನಿಸಿತ್ತು. ಅದು ಸುಳ್ಳೂ ಆಗಿರಲಿಲ್ಲ. ಹಾಲಿನ ಡೈರಿಯಲ್ಲಿ ಒಬ್ಬ ಕೇಳಿಯೂ ಬಿಟ್ಟ: "ಏನಕ್ಕಾ, ಇವತ್ತು ಮಾತಾಡಾಕೆ ಯಾರೂ ಸಿಗ್ಲಿಲ್ಲೇನು?"

ದೂರು ಬರೆದುಕೊಂಡು ನಾವಿಬ್ಬರೂ ಪಂಚಾಯ್ತಿಗೆ ಹೋದೆವು. ಪಂಚಾಯ್ತಿಯ ಅಧಿಕಾರಿ, ಅಂದರೆ ಪಿಡಿಒ, ಜಗಳೂರಿನ ಸೊಕ್ಕೆ ಕಡೆಯವರು, ನಮ್ಮಲ್ಲಿಗೆ ಹೊಸಬರು. ಅರ್ಜಿಯನ್ನು ಪೂರ್ತಿ ಓದಿದರು. ಅದೇ ಒಂದು ಆಶ್ಚರ್ಯ.

"ಅಮ್ಮಾ, ಅವ್ರು ಜನ ಆರಿಸಿದೋರು. ಅವ್ರ ಮೇಲೆ ಕ್ರಮ ತಗೊಳ್ಳಾಕೆ ನಂಗೆ ಅಧಿಕಾರ ಇಲ್ಲ. ಮೇಲಕ್ಕೆ ಕಳಿಸ್ತೀನಿ."

"ಕ್ರಮ ಗಿಮ ಏನೂ ಬ್ಯಾಡ್ರಿ. ಮೈಕಲ್ಲಿ ಅಂದೋರು ಮೈಕಲ್ಲೇ ವಾಪಸ್ ತಗೊಳ್ಲಿ," ಅಂದಳು ಅಕ್ಕ.

"ಹಂಗೆ ಮಾಡ್ಸಾಕೆ ಕಾನೂನಲ್ಲಿ ಅವಕಾಶ ಇಲ್ಲಮ್ಮ."

"ಅನ್ನಾಕೆ ಇತ್ತೇನ್ರಿ?"

ಪಿಡಿಒ ಅರ್ಜಿಗೆ ಸೀಲು ಹೊಡೆದರು.

ದೂರು ಮೇಲಕ್ಕೆ ಹೋಯಿತು. ಮೇಲಿನವರು ಸ್ಥಳೀಯವಾಗಿಯೇ ಇತ್ಯರ್ಥ ಮಾಡಿ ಎಂದು ಕೆಳಕ್ಕೆ ಕಳಿಸಿದರು. ಹಾಗಾಗಿ ಅದು ಪಂಚಾಯ್ತಿಯ ಸಾಮಾನ್ಯ ಸಭೆಗೆ ಬಂತು, ನಮ್ಮನ್ನೂ ಕರೆಸಿದರು. ಸಭೆ ಅಂದರೆ ಮೆಂಬರುಗಳು, ಮೆಂಬರುಗಳಲ್ಲಿ ನಮ್ಮ ವಾರ್ಡಿನವರೂ ಒಬ್ಬರು. ದೂರನ್ನು ಗಂಭೀರವಾಗಿ ಪರಿಗಣಿಸಬೇಕು ಎಂದಾಗ ಎಲ್ಲರ ಜೊತೆ ಅವರೂ ಕೈ ಎತ್ತಿದರು.

ನಮ್ಮೂರಿನಲ್ಲಿ ಒಂದು ಪದ್ಧತಿ ಇದೆ. ಜಗಳ ಯಾವುದೇ ಇರಲಿ, ತಪ್ಪು ಮಾಡಿದವನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸುತ್ತಾನೆ. ನೊಂದವರು ಮೊದಲು ಬಾಯಿಗೆ ಹಾಕಿಕೊಂಡರೆ ಜಗಳ ಮುಗಿಯಿತು. ಅಲ್ಲಿಯ ತನಕ ಬೇರೆ ಯಾರೂ ಮುಟ್ಟುವಂತಿಲ್ಲ. ತಪ್ಪಾಯಿತು ಎಂದು ಬಾಯಿ ಬಿಟ್ಟು ಹೇಳುವ ಕಷ್ಟ ಯಾರಿಗೂ ಇಲ್ಲ.

ಈ ಸಭೆಯಲ್ಲೂ ಮೇಜಿನ ಮೇಲೆ ಪೇಪರ್ ಹಾಸಿ ಮಂಡಕ್ಕಿ ಸುರಿದರು. "ತಗೋ ಅಕ್ಕಾ, ಬಜ್ಜಿ ಬಿಸಿ ಐತೆ," ಅಂದರು ಮೆಂಬರ್. ಅಕ್ಕ ಸೆರಗು ಹೊದ್ದು ಕೂತಿದ್ದಳು, ಕೈ ಚಾಚಲಿಲ್ಲ. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ನಾನು ಬಜ್ಜಿಯನ್ನೂ ನೋಡುತ್ತಿದ್ದೆ.

ಅಷ್ಟರಲ್ಲಿ ಪಿಡಿಒ ಒಂದು ಬಜ್ಜಿ ಎತ್ತಿ ಕಚ್ಚಿದರು. ಪಾಪ, ಅವರಿಗೆ ಯಾರೂ ಪದ್ಧತಿ ಹೇಳಿರಲಿಲ್ಲ.

"ಆಯ್ತಲ್ಲ! ಸಾಹೇಬ್ರು ತಿಂದ್ರು. ದೂರು ಮುಗೀತು ಅಂತ ಬರ್ಕೊಳ್ರಿ," ಎಂದು ಮೆಂಬರ್ ಎದ್ದೇ ಬಿಟ್ಟರು. ಉಳಿದ ಮೆಂಬರುಗಳ ಕೈ ಆಗಲೇ ಮಂಡಕ್ಕಿಯಲ್ಲಿತ್ತು.

"ಏನ್ ಮುಗೀತ್ರಿ?" ಎಂದರು ಪಿಡಿಒ, ಬಾಯಿಯಲ್ಲಿದ್ದದ್ದನ್ನು ನುಂಗಬೇಕೋ ಬೇಡವೋ ತಿಳಿಯದೆ.

ಅಕ್ಕ ಎದ್ದು ನಿಂತಳು. "ಸಾಹೇಬ್ರು ತಿಂದ್ರೆ ಸಾಹೇಬ್ರ ದೂರು ಮುಗೀತು. ನಂದು ಇನ್ನೂ ಐತೆ." ಮನೆಗೆ ಹೊರಟಳು.

ನಾನು ಪಿಡಿಒ ಪಕ್ಕಕ್ಕೆ ಹೋಗಿ ಪದ್ಧತಿ ವಿವರಿಸಿದೆ. ಅವರು ಕೈ ಒರೆಸಿಕೊಂಡು, ಇತ್ಯರ್ಥವಾಗಿಲ್ಲ ಎಂದು ಬರೆದರು. ಅವರಿಗೂ ಒಂದು ಪದ್ಧತಿ ಗೊತ್ತಿತ್ತು. ಬಾಕಿ ಉಳಿದ ವಿಷಯವನ್ನು ಮುಂದಿನ ಗ್ರಾಮಸಭೆಯಲ್ಲಿ ಎಲ್ಲರೆದುರು ಓದಬೇಕು.

ಮುಂದಿನ ಗ್ರಾಮಸಭೆಯೂ ಅದೇ ಅಂಗಳದಲ್ಲಿ, ಅದೇ ಮೈಕಿನಲ್ಲಿ. ಪಿಡಿಒ ಮೊದಲು ಚರಂಡಿ ಹೂಳಿನ ವಿಷಯ ಓದಿದರು, ಆಮೇಲೆ ಬೀದಿ ದೀಪ, ಆಮೇಲೆ ಅಕ್ಕನ ದೂರು. ಮೆಂಬರ್ ಅಂದ ಮಾತನ್ನು ಒಂದಕ್ಷರ ಬಿಡದೆ, ಚರಂಡಿ ಓದಿದ ದನಿಯಲ್ಲೇ ಓದಿದರು. ಈ ಸಲ ಯಾರೂ ನಗಲಿಲ್ಲ. ಡೈರಿಯವನು ಚಪ್ಪಲಿ ನೋಡಿಕೊಳ್ಳುತ್ತಿದ್ದ.

"ಮತ್ತೆ ಮುಂದಿನ ಸಭೇಲೂ ಓದ್ತೀರೇನ್ರಿ?" ಎಂದು ಮೆಂಬರ್ ಮೆಲ್ಲಗೆ ಕೇಳಿದರು. ಅದೂ ಮೈಕಲ್ಲಿ ಕೇಳಿಸಿತು.

"ಇತ್ಯರ್ಥ ಆಗೋ ತನಕ ಓದ್ಬೇಕು ಸರ್."

ಮೆಂಬರ್ ಮೈಕ್ ತಗೊಂಡರು. "ಅವತ್ತು ನಾನಂದಿದ್ದು ತಪ್ಪು. ವಾಪಸ್ ತಗೊಂತೀನಿ ಅಕ್ಕಾ." ಅಕ್ಕನನ್ನು ನೋಡಲಿಲ್ಲ, ಮೈಕನ್ನೇ ನೋಡಿ ಹೇಳಿದರು. ಆದರೆ ಹಿಂದಿನ ಸಾಲಿನವರಿಗೂ ಕೇಳಿಸಿತು.

ಅಕ್ಕ ಎದ್ದಳು. "ಆಯ್ತು ತಮ್ಮಾ. ಈಗ ಹೇಳು, ನಮ್ಮ ಓಣಿ ನಲ್ಲಿಗೆ ನೀರು ಯಾವಾಗ ಬರ್ತೈತೆ?"

ಪರಿಶೀಲಿಸುತ್ತೇವೆ ಎಂದರು ಮೆಂಬರ್. ಮಂಡಕ್ಕಿ ಪೊಟ್ಟಣವನ್ನೂ ತರಿಸಿ ಮುಂದೆ ಹಿಡಿದರು. ಅಕ್ಕ ಇಸಕೊಂಡಳು, ಬಿಚ್ಚಲಿಲ್ಲ. "ನೀರು ಬಂದ ದಿನ ತಿಂತೀನಿ."

ಈಗ ಅವಳು ಸಂಘದ ಸಭೆಗೆ ಹೋಗುತ್ತಾಳೆ. ಮೊದಲಿಗಿಂತ ಜಾಸ್ತಿ ಮಾತಾಡುತ್ತಾಳೆ ಎಂದು ಅಲ್ಲಿನವರೇ ದೂರುತ್ತಾರೆ. ನಲ್ಲಿಗೆ ನೀರು ಬಂದಿಲ್ಲ. ಪೊಟ್ಟಣ ಅಡುಗೆಮನೆಯ ಗೂಡಿನಲ್ಲಿದೆ, ಮಂಡಕ್ಕಿ ಮೆತ್ತಗಾಗಿದೆ.

ನಿಮ್ಮೂರಲ್ಲಿ ಮೆಂಬರ್ ಮೇಲೆ ದೂರು ಕೊಟ್ಟರೆ ಏನು ತರಿಸುತ್ತಾರೆ? ನೀವು ತಿಂದಿರೋ, ಎದ್ದು ಬಂದಿರೋ? ಕೆಳಗೆ ಬರೆಯಿರಿ. ಒಂದೊಂದನ್ನೂ ಅಕ್ಕನಿಗೆ ಓದಿ ಹೇಳುತ್ತೇನೆ.